ಶಾಲೆಯ ಸಿಮೆಂಟ್ ಶೀಟ್ ಇಳಿಸಿದ ಕೆಲಸ: ಪರ್ಮಿಷನ್‌ನಿಂದ ಲಾರಿ ಹತ್ತಿಸುವವರೆಗೆ

ಶಿರಾ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆ. ಸಾಲಾಗಿ ಮೂರು ಕೊಠಡಿ, ಒಟ್ಟು ಉದ್ದ 18 ಮೀಟರ್. ಪಕ್ಕದಲ್ಲಿ ಬಿಸಿಯೂಟದ ಅಡುಗೆ ಮನೆ. ಎಲ್ಲದಕ್ಕೂ ಆಸ್ಬೆಸ್ಟಾಸ್ ಸಿಮೆಂಟ್ ಶೀಟಿನ ಛಾವಣಿ. ಆಸ್ಬೆಸ್ಟಾಸ್ ಅಂದರೆ ಕಲ್ನಾರು, ಉಸಿರಿನಲ್ಲಿ ಹೋದರೆ ಕಾಯಿಲೆ ತರುವ ನಾರು. ಹಳೇ ವಿದ್ಯಾರ್ಥಿಗಳು ದುಡ್ಡು ಹೊಂದಿಸಿದರು, ಟ್ರಸ್ಟ್‌ನವರು ಒಪ್ಪಿದರು. ಸಿವಿಲ್ ಕಾಂಟ್ರ್ಯಾಕ್ಟ್ ಮಾಡಿಕೊಂಡಿರುವ ನನಗೆ "ನೀನೇ ನಿಂತು ಮಾಡಿಸಪ್ಪ" ಅಂದರು. ಹಳೇ ಶೀಟ್ ತೆಗೆದು ಹೊಸದು ಹಾಕುವುದು ಯಾವ ಮೇಸ್ತ್ರಿಗಾದರೂ ಗೊತ್ತು. ತೆಗೆದ ಶೀಟ್ ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು ಅಂತ ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಆ ಭಾಗವೇ ಜಾಸ್ತಿ.

ಶೀಟ್ ಯಾವುದು ಅಂತ ಗುರುತಿಸಿದ್ದು

ಸಿಮೆಂಟ್ ಶೀಟ್ ಅಂದರೆಲ್ಲ ಆಸ್ಬೆಸ್ಟಾಸ್ ಅಲ್ಲ. ಈಗ ಕಲ್ನಾರು ಇಲ್ಲದ ಶೀಟುಗಳೂ ಬರುತ್ತವೆ. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಳಗಡೆ ಏಣಿ ಹಾಕಿ, ಟಾರ್ಚ್ ಬಿಟ್ಟು ಶೀಟಿನ ಅಡಿಭಾಗ ನೋಡಿದೆ. ಸುಣ್ಣ ಬಳಿದ ಜಾಗದಲ್ಲಿ ಏನೂ ಇರಲಿಲ್ಲ. ಅಡುಗೆ ಮನೆಯಲ್ಲಿ, ಹೊಗೆ ಹಿಡಿದ ಶೀಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಐಎಸ್‌ಐ ಗುರುತು, ಅದರ ಜೊತೆ 459 ಅನ್ನೋ ಸಂಖ್ಯೆ ಕಂಡಿತು. ಐಎಸ್ 459 ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನ ಸುಕ್ಕು ಶೀಟಿನ ಮಾನದಂಡ. ಕಲ್ನಾರು ಇಲ್ಲದ ಫೈಬರ್ ಸಿಮೆಂಟ್ ಶೀಟಿಗೆ ಐಎಸ್ 14871 ಅಂತ ಬೇರೆ ಇದೆ. ಗುರುತು ಸಿಗದಿದ್ದರೆ ಲ್ಯಾಬಿಗೆ ಒಂದು ಚೂರು ಕಳಿಸಬೇಕು, ಇಲ್ಲವೇ ಆಸ್ಬೆಸ್ಟಾಸ್ ಅಂತಲೇ ಹಿಡಿದುಕೊಂಡು ಕೆಲಸ ಮಾಡಬೇಕು. ಎರಡನೆಯದು ಸುಲಭ.

ಲೆಕ್ಕ ಹಾಕಿದೆ. ಕೊಠಡಿಗಳ ಮೇಲೆ 72 ಶೀಟು, ಅಡುಗೆ ಮನೆ ಮೇಲೆ 12. ಪ್ರತಿಯೊಂದೂ 2 ಮೀಟರ್ ಉದ್ದ, 1.05 ಮೀಟರ್ ಅಗಲ, 6 ಮಿ.ಮೀ. ದಪ್ಪ. ಚದರ ಮೀಟರಿಗೆ 13-14 ಕೆಜಿ ಅಂತ ಹಿಡಿದರೆ ಒಂದು ಶೀಟು 28 ಕೆಜಿ ಹತ್ತಿರ ಬರುತ್ತದೆ. ಒಟ್ಟು 2.3 ಟನ್. ಇಂಥ ಶೀಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಬಿಳಿ ಆಸ್ಬೆಸ್ಟಾಸ್, ಅಂದರೆ ಕ್ರೈಸೊಟೈಲ್. ಉಳಿದದ್ದು ಸಿಮೆಂಟು, ಬೂದಿ. ಮಕ್ಕಳ ತಲೆ ಮೇಲೆ ಎರಡು ಕ್ವಿಂಟಲ್‌ನಷ್ಟು ನಾರು ಇತ್ತು ಅಂತಾಯಿತು.

ಇದರಿಂದ ಗಾಬರಿ ಬೀಳಬೇಕಾಗಿಲ್ಲ. ಗಟ್ಟಿ ಇರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಕಟ್ಟಿಕೊಂಡಿರುತ್ತದೆ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ, ಹಳತಾಗಿ ಮೇಲ್ಮೈ ಸವೆದಾಗ ಹೊರಗೆ ಬರುತ್ತದೆ. ನಮ್ಮ ಶೀಟುಗಳ ಮೇಲ್ಭಾಗ ಮಳೆಗೆ ಸವೆದು ಪಾಚಿ ಕಟ್ಟಿತ್ತು. ಮೊದಲೇ ಸೀಳಿದ್ದ ಒಂದು ಶೀಟಿನ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದರೆ ಬಿಳಿ ನಾರು ಎಳೆಗರುವಿನ ರೋಮದ ಹಾಗೆ ಎದ್ದು ನಿಂತಿತ್ತು. ಶ್ವಾಸಕೋಶಕ್ಕೆ ಹೋಗುವ ಎಳೆಗಳು ಇದಕ್ಕಿಂತ ಎಷ್ಟೋ ಸಣ್ಣವು, ಕಣ್ಣಿಗೆ ಬೀಳುವುದೇ ಇಲ್ಲ.

ಕಾನೂನು ಎಲ್ಲೆಲ್ಲಿ ಚದುರಿದೆ

ಭಾರತದಲ್ಲಿ ಆಸ್ಬೆಸ್ಟಾಸ್ ಶೀಟಿಗೆ ನಿಷೇಧ ಇಲ್ಲ. ಶಿರಾ ಪೇಟೆಯಲ್ಲಿ ಇವತ್ತು ಹೋದರೂ ಹೊಸದು ಸಿಗುತ್ತದೆ. ಹೊಸ ಗಣಿ ಗುತ್ತಿಗೆ ಕೊಡುವುದನ್ನು 1986ರಲ್ಲೇ ನಿಲ್ಲಿಸಿದರು. ಆದರೆ ರಷ್ಯಾ ಮೊದಲಾದ ಕಡೆಯಿಂದ ನಾರು ತರಿಸಿಕೊಂಡು ಶೀಟ್ ಮಾಡುವುದು ನಡೆದೇ ಇದೆ. 60ಕ್ಕೂ ಹೆಚ್ಚು ದೇಶಗಳು ಇದನ್ನು ಪೂರ್ತಿ ಬಿಟ್ಟಿವೆ. ಸುಪ್ರೀಂ ಕೋರ್ಟ್ 1995ರಲ್ಲಿ ಆಸ್ಬೆಸ್ಟಾಸ್ ಕಾರ್ಮಿಕರ ಕೇಸಿನಲ್ಲಿ ಆರೋಗ್ಯವೂ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಆ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು 40 ವರ್ಷ ಇಡಬೇಕು ಅಂತಲೂ ಹೇಳಿತು. 2011ರಲ್ಲಿ ಪೂರ್ತಿ ನಿಷೇಧ ಮಾಡಿ ಅಂತ ಬಂದ ಅರ್ಜಿಯನ್ನು ಒಪ್ಪಲಿಲ್ಲ. ಹಾಗಾಗಿ "ಶಾಲೆ ಮೇಲೆ ಶೀಟ್ ಇದ್ದರೆ ತಪ್ಪಾ?" ಅಂತ ಯಾರಾದರೂ ಕೇಳಿದರೆ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇರಲಿಲ್ಲ.

ನಮ್ಮನ್ನು ಎಬ್ಬಿಸಿದ್ದು ಬೇರೆ ಕಾಗದ. ಮಾನ್ಯತೆ ನವೀಕರಣಕ್ಕೆ ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ, ಅಗ್ನಿ ಸುರಕ್ಷತೆಯ ಪ್ರಮಾಣಪತ್ರ ಎರಡೂ ಬೇಕು. ಇದರ ಹಿಂದೆ ಕುಂಭಕೋಣಂ ಇದೆ. 2004ರ ಜುಲೈ 16ರಂದು ಅಲ್ಲಿ ಅಡುಗೆ ಮನೆಯ ಬೆಂಕಿ ಗರಿ ಛಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್, ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸುರಕ್ಷಿತವಾಗಿರಬೇಕು ಅಂತ ಆದೇಶ ಮಾಡಿತು. ನಮ್ಮ ಕಟ್ಟಡ ನೋಡಲು ಬಂದ ಇಂಜಿನಿಯರ್ ಛಾವಣಿ ನೋಡಿ ತಲೆ ಅಲ್ಲಾಡಿಸಿದರು. ಅವರ ತಕರಾರು ಆಸ್ಬೆಸ್ಟಾಸ್ ಬಗ್ಗೆ ಅಲ್ಲ. ಗೆದ್ದಲು ತಿಂದ ಜಂತೆ, ಸೀಳಿದ ಶೀಟು, ಗೋಡೆಯ ಎತ್ತರ ಇವುಗಳ ಬಗ್ಗೆ. ಸಂಹಿತೆಯ ಪ್ರಕಾರ ತರಗತಿ ಕೋಣೆ ನೆಲದಿಂದ ಸೂರಿಗೆ 3.6 ಮೀಟರ್ ಇರಬೇಕು. ನಮ್ಮದು ಅದಕ್ಕಿಂತ ತಗ್ಗು.

ಸುಮ್ನೆ ಶೀಟ್ ಬದಲಾಯಿಸುವ ರಿಪೇರಿ ಅಂದುಕೊಂಡಿದ್ದು, ಗೋಡೆ ಎತ್ತರಿಸುವ ಕೆಲಸ ಆಯಿತು. ಗೋಡೆ ಎತ್ತರಿಸಿದರೆ ಪಂಚಾಯಿತಿ ಅನುಮತಿ ಬೇಕು. ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಕಟ್ಟಡ ಕಟ್ಟುವುದು, ಬದಲಾಯಿಸುವುದು ಎಲ್ಲವನ್ನೂ ಗ್ರಾಮ ಪಂಚಾಯಿತಿ ಕೈಗೆ ಕೊಟ್ಟಿದೆ. ನಕ್ಷೆ, ಜಾಗದ ದಾಖಲೆ, ಟ್ರಸ್ಟಿನ ನಿರ್ಣಯದ ಪ್ರತಿ, ಇಂಜಿನಿಯರ್ ಸಹಿ ಮಾಡಿದ ವಿವರ, ಎಲ್ಲ ಸೇರಿಸಿ ಪಿಡಿಒ ಕಚೇರಿಗೆ ಕೊಟ್ಟೆವು. ಬಿಇಒ ಕಚೇರಿಗೂ ಒಂದು ಪ್ರತಿ. ಬೇಸಿಗೆ ರಜೆಯಲ್ಲೇ ಕೆಲಸ ಮುಗಿಸುತ್ತೇವೆ, ಮಕ್ಕಳಿದ್ದಾಗ ಒಂದು ಶೀಟನ್ನೂ ಮುಟ್ಟುವುದಿಲ್ಲ ಅಂತ ಅದರಲ್ಲಿ ಬರೆದಿದ್ದೆವು. ಈ ಒಂದು ಸಾಲು ಬಹಳ ಕೆಲಸಕ್ಕೆ ಬಂತು. ಪೋಷಕರು ಕೇಳಿದಾಗ ಹೆಡ್‌ಮಾಸ್ಟರ್ ಅದನ್ನೇ ತೋರಿಸಿದರು.

ಇಳಿಸಿದ ಶೀಟು ಎಲ್ಲಿಗೆ

ಇದು ಮೊದಲು ತೀರ್ಮಾನ ಆಗಬೇಕು. ಒಂದು ಬೋಲ್ಟ್ ಬಿಚ್ಚುವ ಮುಂಚೆ. ಶೀಟು ಒಮ್ಮೆ ಶಾಲೆ ಮೈದಾನಕ್ಕೆ ಇಳಿಯಿತು ಅಂದರೆ ಊರಿನವರ ಕಣ್ಣು ಬೀಳುತ್ತದೆ.

ಬಿದ್ದೇ ಬಿತ್ತು. ಟ್ರಸ್ಟಿನ ಹಿರಿಯರೊಬ್ಬರು ಬಂದು, "ಗಟ್ಟಿ ಶೀಟು ಕಣಪ್ಪ ಇವು. ಮಣ್ಣಿಗೆ ಹಾಕೋ ಬದಲು ನಮ್ಮ ಕೊಟ್ಟಿಗೆಗೆ ಒಂದಿಪ್ಪತ್ತು ಕೊಟ್ರೆ ಆಗಲ್ವಾ?" ಅಂದರು.

"ಯಜಮಾನ್ರೇ, ಮಕ್ಕಳ ತಲೆ ಮೇಲೆ ಬೇಡ ಅಂತ ಇಳಿಸ್ತಿದೀವಿ. ಅದನ್ನೇ ನಿಮ್ಮ ಮನೆಗೆ ಹೆಂಗೆ ಕೊಡ್ಲಿ?"

"ಹಸುಗೇನಾಗುತ್ತೆ?"

"ಹಾಲು ಕರೆಯೋರು ಅಲ್ಲೇ ಕೂತಿರ್ತಾರಲ್ಲ."

ಅವರಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಆದರೆ ಮತ್ತೆ ಕೇಳಲಿಲ್ಲ. ಗುಜರಿಯವನು ಮಾತ್ರ ಎರಡು ಸಲ ಟೆಂಪೊ ತಂದು ಗೇಟಿನ ಹತ್ತಿರ ನಿಲ್ಲಿಸಿದ್ದ.

ಕಾನೂನಿನ ಪ್ರಕಾರ ನೋಡೋಣ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲನೇ ಅನುಸೂಚಿಯಲ್ಲಿ 15.2ನೇ ಸಾಲು "ಬಿಸಾಡಿದ ಆಸ್ಬೆಸ್ಟಾಸ್". ಆದರೆ 15ನೇ ಸಂಖ್ಯೆಯ ತಲೆಬರಹ ಆಸ್ಬೆಸ್ಟಾಸ್ ವಸ್ತು ತಯಾರಿಸುವ ಕಾರ್ಖಾನೆ ಬಗ್ಗೆ ಇದೆ. ಶಾಲೆ ಛಾವಣಿಯಿಂದ ಇಳಿಸಿದ್ದು ಇದರೊಳಗೆ ಬರುತ್ತದೋ ಇಲ್ಲವೋ ಅಂತ ವಾದ ಮಾಡುವವರು ಸಿಗುತ್ತಾರೆ. ನಾನು ವಾದಕ್ಕೆ ಹೋಗಲಿಲ್ಲ. ಬರುತ್ತದೆ ಅಂತಲೇ ಹಿಡಿದೆ. ಬರುವುದಿಲ್ಲ ಅಂತ ಹಿಡಿದರೆ ಅದು ಊರಾಚೆ ಹಳ್ಳಕ್ಕೆ ಬೀಳುತ್ತದೆ, ಇನ್ನೇನೂ ಆಗಲ್ಲ. ಆಸ್ಬೆಸ್ಟಾಸ್ ತ್ಯಾಜ್ಯ ವಿಲೇವಾರಿಗೆ ಐಎಸ್ 11768 ಅಂತ ಒಂದು ಮಾನದಂಡವೂ ಇದೆ. ನೆನೆಸು, ಕಟ್ಟು, ಹೂಳು ಅನ್ನುವುದೇ ಈ ಕೆಲಸದ ತಿರುಳು.

ತುಮಕೂರಿನ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಪತ್ರ ಬರೆದೆವು. ಎಷ್ಟು ಶೀಟು, ಎಷ್ಟು ತೂಕ, ಯಾವ ಅಳತೆ, ಫೋಟೊ, ಎಲ್ಲಿಗೆ ಕಳಿಸಬೇಕೆಂದಿದ್ದೇವೆ ಎಲ್ಲ ಅದರಲ್ಲಿತ್ತು. ಶಿರಾದಿಂದ ಹೆದ್ದಾರಿ 48ರಲ್ಲಿ ಬೆಂಗಳೂರು ಕಡೆ ಹೋದರೆ ದಾಬಸ್‌ಪೇಟೆ ಸಿಗುತ್ತದೆ. ಅಪಾಯಕಾರಿ ತ್ಯಾಜ್ಯ ಹೂಳುವ ಘಟಕ ಅಲ್ಲಿದೆ. ದಾರಿ ನಮಗೆ ನೇರ ಆಯಿತು. ಬೀದರ್ ಕಡೆಯವರಿಗೆ ಇದೇ ಕೆಲಸದಲ್ಲಿ ಲಾರಿ ಬಾಡಿಗೆಯೇ ಹೊಸ ಛಾವಣಿಗಿಂತ ಜಾಸ್ತಿ ಆದರೂ ಆಶ್ಚರ್ಯ ಇಲ್ಲ. ಸಣ್ಣ ಶಾಲೆಗಳು ಈ ನಿಯಮ ಪಾಲಿಸದೆ ಇರುವುದಕ್ಕೆ ಸೋಮಾರಿತನ ಕಾರಣ ಅಲ್ಲ, ಈ ದೂರವೇ ಕಾರಣ ಅನ್ನೋದು ನನ್ನ ಅಭಿಪ್ರಾಯ. ಜಿಲ್ಲೆಗೊಂದು ಸಂಗ್ರಹ ಜಾಗ ಇದ್ದರೆ ಅರ್ಧ ಸಮಸ್ಯೆ ತೀರುತ್ತದೆ.

ಕೆಲಸದಲ್ಲಿ ಬೇಕಾಗುವ ಕಾಗದಗಳು ಮೂರು. ಪ್ರತಿ ಕಟ್ಟಿನ ಮೇಲೆ ಅಂಟಿಸಲು ಫಾರಂ 8ರ ಲೇಬಲ್ಲು. ಡ್ರೈವರ್ ಹತ್ತಿರ ಫಾರಂ 9, ದಾರಿಯಲ್ಲಿ ಏನಾದರೂ ಆದರೆ ಏನು ಮಾಡಬೇಕು ಅಂತ. ಆಮೇಲೆ ಫಾರಂ 10, ಅಂದರೆ ಮ್ಯಾನಿಫೆಸ್ಟ್, ಏಳು ಪ್ರತಿ. ಕಳಿಸಿದವರು, ಸಾಗಿಸಿದವರು, ತಗೊಂಡವರು ಎಲ್ಲರ ಸಹಿ ಅದರಲ್ಲಿ ಬೀಳುತ್ತದೆ. ಘಟಕದಿಂದ ಸಹಿ ಆಗಿ ವಾಪಸ್ ಬರುವ ಪ್ರತಿಯೇ ಶಾಲೆಯ ಫೈಲಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಇಳಿಸಿದ್ದು

ನಮ್ಮ ಮೇಸ್ತ್ರಿ ಮೊದಲನೇ ದಿನವೇ ಗ್ರೈಂಡರ್ ತಂದಿದ್ದ. ಶೀಟನ್ನು ಜಂತೆಗೆ ಹಿಡಿದಿಡುವ ತುಕ್ಕು ಹಿಡಿದ ಕೊಕ್ಕೆ ಬೋಲ್ಟ್, ಅಂದರೆ ಜೆ-ಬೋಲ್ಟ್ ಕತ್ತರಿಸೋಕೆ. ಗ್ರೈಂಡರ್ ವ್ಯಾನಿಗೆ ವಾಪಸ್ ಹೋಯಿತು. ಆ ಬ್ಲೇಡು ಒಂಚೂರು ಶೀಟಿಗೆ ತಾಗಿದರೆ ಸಾಕು, ನಾರು ಗಾಳಿಗೆ ಹಾರುತ್ತದೆ.

"ಇಪ್ಪತ್ತು ವರ್ಷದಿಂದ ಕೊಯ್ತಿದೀನಿ ಸಾರ್. ಒಂದು ಕೆಮ್ಮೂ ಬಂದಿಲ್ಲ."

ಈ ಕಾಯಿಲೆಗಳ ಕಷ್ಟವೇ ಅದು. ಉಸಿರಿನಲ್ಲಿ ಹೋದ ನಾರು 20-40 ವರ್ಷ ಸುಮ್ಮನಿದ್ದು ಆಮೇಲೆ ತೊಂದರೆ ಕೊಡುತ್ತದೆ. ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮ ಅಂದರೆ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್, ಆಸ್ಬೆಸ್ಟೋಸಿಸ್ ಅಂದರೆ ನಾರಿನಿಂದ ಶ್ವಾಸಕೋಶ ಗಡುಸಾಗುವ ಕಾಯಿಲೆ. ಹದಿಮೂರು ವರ್ಷದ ಹುಡುಗನಿಗೆ ಮುಂದೆ ಅಷ್ಟು ವರ್ಷ ಇರುತ್ತದೆ ಅಲ್ವಾ? ಅದಕ್ಕೇ ಶಾಲೆ ವಿಷಯದಲ್ಲಿ ಜಾಸ್ತಿ ಜಾಗ್ರತೆ. ಇದನ್ನು ಹೇಳಿದಾಗ ಮೇಸ್ತ್ರಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮಾಸ್ಕ್ ಯಾವುದು ಅಂತ ಅವನೇ ಕೇಳಿದ.

ಟವೆಲ್ ಕಟ್ಟಿಕೊಂಡರೆ, ಸರ್ಜಿಕಲ್ ಮಾಸ್ಕ್ ಹಾಕಿದರೆ ಪ್ರಯೋಜನ ಇಲ್ಲ. ತೀರಾ ಸಣ್ಣ ಎಳೆಯನ್ನೂ ತಡೆಯುವ ಪಿ100 ಫಿಲ್ಟರ್ ಇರುವ ಅರ್ಧ ಮುಖದ ರಬ್ಬರ್ ಮಾಸ್ಕ್ ತರಿಸಿದೆವು. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ, ಪಕ್ಕದಿಂದ ಗಾಳಿ ಬರುತ್ತದೆ. ಹಾಗಾಗಿ ಇಬ್ಬರು ಹುಡುಗರು ಕ್ಷೌರ ಮಾಡಿಸಿಕೊಂಡು ಬಂದರು. ಮೈ ಪೂರ್ತಿ ಮುಚ್ಚುವ, ಒಂದೇ ಸಲ ಬಳಸಿ ಎಸೆಯುವ ಕವರಾಲ್. ಏಪ್ರಿಲ್ ಬಿಸಿಲಿನಲ್ಲಿ ಶಿರಾದಲ್ಲಿ ಅದನ್ನು ಹಾಕಿಕೊಂಡು ಬೆಳಿಗ್ಗೆ ಹತ್ತು ಗಂಟೆ ಆದಮೇಲೆ ನಿಲ್ಲಲು ಆಗುವುದಿಲ್ಲ. ಬೆಳಕು ಹರಿಯುತ್ತಿದ್ದಂತೆ ಶುರು, ಬಿಸಿಲು ಏರುವಷ್ಟರಲ್ಲಿ ನಿಲ್ಲಿಸುವುದು. ಮಧ್ಯಾಹ್ನ ಗಾಳಿಯೂ ಏಳುತ್ತದೆ. ಅದೂ ಒಂದು ಕಾರಣ.

ನಾರಿಗಿಂತ ಮೊದಲು ಕೊಲ್ಲುವುದು ಬೀಳುವುದು. ಹಳೇ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು ಕೆಳಗೆ ಬಿದ್ದು ಸತ್ತ ಕೂಲಿಗಳ ಸುದ್ದಿ ಪ್ರತಿ ವರ್ಷ ಬರುತ್ತದೆ. ಶೀಟಿನ ಮೇಲೆ ಯಾರೂ ಹತ್ತಬಾರದು ಅಂತ ಖಡಾಖಂಡಿತ ಹೇಳಿದ್ದೆ. ಕೋಣೆಯೊಳಗೆ ಪೂರ್ತಿ ಸಾರವೆ ಕಟ್ಟಿ, ಹಲಗೆ ಹಾಸಿ, ಕೆಳಗಿನಿಂದಲೇ ಬಿಚ್ಚಿದೆವು. ನೆತ್ತಿಯ ರಿಡ್ಜ್ ಪೀಸ್ ತೆಗೆಯಲು ಮಾತ್ರ ಜಂತೆಯಿಂದ ಜಂತೆಗೆ ಉದ್ದ ಹಲಗೆ ಹಾಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿ, ಹಗ್ಗ ಬಿಗಿದು ಹೋದರು.

ಕ್ರಮ ಹೀಗೆ. ಬೆಂಚು, ಬೋರ್ಡು, ಫ್ಯಾನು ಎಲ್ಲ ಮೊದಲೇ ಹೊರಗೆ. ನೆಲಕ್ಕೆ, ಕಿಟಕಿಗೆ ದಪ್ಪ ಪ್ಲಾಸ್ಟಿಕ್. ಹೊಲಕ್ಕೆ ಔಷಧಿ ಹೊಡೆಯುವಂಥದೇ ಬೆನ್ನಿನ ಪಂಪು, ಆದರೆ ಹೊಸದು. ಅದರಲ್ಲಿ ನೀರು, ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು. ಸೋಪು ಹಾಕಿದರೆ ನೀರು ಜಾರಿ ಹೋಗದೆ ಶೀಟಿನೊಳಗೆ ಇಳಿಯುತ್ತದೆ. ಪೈಪಿನ ಜೋರು ನೀರು ಬಿಡಬಾರದು, ಅದೇ ನಾರನ್ನು ಕಿತ್ತು ಹಾರಿಸುತ್ತದೆ. ಎರಡೂ ಬದಿ ಒದ್ದೆ ಮಾಡಿ, ಬೋಲ್ಟಿನ ಸುತ್ತ ಇನ್ನೊಮ್ಮೆ ಸಿಂಪಡಿಸಿ, ಉದ್ದ ಹಿಡಿಯ ಬೋಲ್ಟ್ ಕಟ್ಟರ್‌ನಿಂದ ಜೆ-ಬೋಲ್ಟಿನ ಕೊಕ್ಕೆಯನ್ನು ಒಳಗಡೆಯಿಂದ ಕತ್ತರಿಸುವುದು. ಕಟ್ ಅಂತ ಶಬ್ದ, ಬೋಲ್ಟು ಮೇಲಿಂದ ಸಡಿಲ. ಟಾರಿನ ವಾಷರ್ ಮಾತ್ರ ಬಿಸಿಲಿಗೆ ಕರಗಿ ಶೀಟಿಗೆ ಅಂಟಿಕೊಂಡಿತ್ತು. ಅದನ್ನು ಸುತ್ತಿಗೆಯಲ್ಲಿ ಬಡಿಯದೆ, ತೆಳು ಉಳಿಯಿಂದ ಮೆಲ್ಲಗೆ ಎಬ್ಬಿಸಬೇಕಾಯಿತು. ತಾಳ್ಮೆ ಬೇಡಿದ್ದು ಈ ವಾಷರೇ.

ಇಬ್ಬರು ಮೇಲೆ, ಇಬ್ಬರು ಕೆಳಗೆ. ಕೈಯಿಂದ ಕೈಗೆ. ಎಸೆಯುವುದಿಲ್ಲ, ಎಳೆಯುವುದಿಲ್ಲ. ಮರದ ದಿಮ್ಮಿ ಮೇಲೆ ಪ್ಲಾಸ್ಟಿಕ್ ಹಾಸಿ ಹತ್ತತ್ತು ಶೀಟು ಜೋಡಿಸಿ, 200 ಮೈಕ್ರಾನ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿದೆವು. ಹಾಗೆ ಎಂಟು ಕಟ್ಟು. ಮೊದಲೇ ಒಡೆದಿದ್ದ ನಾಲ್ಕು ಶೀಟಿನ ಅಂಚಿಗೆ ಬಿಳಿ ಗೋಂದನ್ನು ನೀರಿಗೆ ಕಲಿಸಿ ಹೊಡೆದು, ಬೇರೆ ಚೀಲದಲ್ಲಿ. ಒಂದು ಕಟ್ಟು 280 ಕೆಜಿ, ಕೈಯಲ್ಲಿ ಏಳುವುದಿಲ್ಲ. ಲಾರಿಗೆ ಏರಿಸಲು ಹೈಡ್ರಾ ಕ್ರೇನ್ ಕರೆಸಿದೆವು.

ಬಹಳ ಜನ ಮರೆಯುವ ಜಾಗ ಸೂರಿನ ನೀರು ಬೀಳುವ ಸಾಲು. ವರ್ಷಗಟ್ಟಲೆ ಮಳೆ ಶೀಟನ್ನು ತೊಳೆದು ನಾರನ್ನು ಅಲ್ಲಿ ಇಳಿಸಿರುತ್ತದೆ. ಮಕ್ಕಳು ಊಟಕ್ಕೆ ಕೂರುವುದೂ ಅದೇ ನೆರಳಿನಲ್ಲಿ. ಆ ಸಾಲಿನ ಮಣ್ಣನ್ನು ನೆನೆಸಿ, ಮೇಲಿನ ಪದರ ಕೆರೆದು ಚೀಲಕ್ಕೆ ತುಂಬಿ ಅದೇ ಲಾರಿಗೆ ಹಾಕಿ, ಕೆರೆದ ಜಾಗದ ಮೇಲೆ ಕಲ್ಲುಚಪ್ಪಡಿ ಹಾಸಿದೆವು.

ಒಳಗೆ ಪೊರಕೆ ಮುಟ್ಟಲಿಲ್ಲ. ಗೋಡೆ, ನೆಲ ಎಲ್ಲ ಒದ್ದೆ ಬಟ್ಟೆಯಲ್ಲೇ ಒರೆಸಿದ್ದು. ಬಟ್ಟೆ, ಕವರಾಲ್, ಫಿಲ್ಟರ್ ಎಲ್ಲ ಚೀಲಕ್ಕೆ. ಆಮೇಲೆ ಬೆಂಗಳೂರಿನ ಒಂದು ಲ್ಯಾಬಿನವರು ಬಂದು ಗಾಳಿಯ ಮಾದರಿ ತೆಗೆದರು. ಗಾಳಿಯಲ್ಲಿರುವ ನಾರು ಎಣಿಸುವ ಐಎಸ್ 11450ರ ವಿಧಾನ ಕಾರ್ಖಾನೆ ಗಾಳಿಗೆ ಬರೆದದ್ದು. ಶಾಲೆಗೆ ಅಳತೆಗೋಲು ಬೇಕಲ್ಲ, ಅದನ್ನು ಅಮೆರಿಕದಿಂದ ಎರವಲು ತಂದೆ. ಅಲ್ಲಿ 1986ರಿಂದ ಶಾಲೆಗಳಲ್ಲಿನ ಆಸ್ಬೆಸ್ಟಾಸ್‌ಗೇ ಅಂತ ಅಹೇರಾ ಕಾನೂನು ಇದೆ. ಕೆಲಸ ಆದಮೇಲೆ ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಘನ ಸೆಂ.ಮೀ. ಗಾಳಿಗೆ 0.01 ನಾರು, ಅದೇ ಅಲ್ಲಿನ ಗೆರೆ. ನಮ್ಮ ಕೋಣೆಗಳು ಅದರ ಕೆಳಗೇ ಬಂದವು.

ಹೊಸ ಛಾವಣಿ, ಚುಟುಕಾಗಿ

ಮಂಗಳೂರು ಹೆಂಚು ಚೆಂದ, ತಂಪು. ಆದರೆ ನಮ್ಮ ಕಡೆ ಕೋತಿ ಕಾಟ, ಹೆಂಚು ಉಳಿಯಲ್ಲ. ಬಣ್ಣದ ತಗಡಿಗೆ ಹೋದೆವು, 0.5 ಮಿ.ಮೀ.

ತಗಡು ಹಾಕುವವರು ಒಂದು ವಿಷಯ ಗಮನಿಸಬೇಕು. ಸಿಮೆಂಟ್ ಶೀಟು ಚದರ ಮೀಟರಿಗೆ 13-14 ಕೆಜಿ, ತಗಡು 5 ಕೆಜಿ. ಹಗುರ ಆಯಿತು ಅಂತ ಖುಷಿ ಪಡುತ್ತಾರೆ, ಗಾಳಿ ನೆನಪಾಗುವುದಿಲ್ಲ. ಈ ಭಾಗಕ್ಕೆ ಸೆಕೆಂಡಿಗೆ 33 ಮೀಟರ್ ಗಾಳಿ ವೇಗ ಹಿಡಿಯಬೇಕು ಅನ್ನುತ್ತದೆ ಐಎಸ್ 875ರ ಮೂರನೇ ಭಾಗ. ಆ ವೇಗಕ್ಕೆ ಒತ್ತಡ ಚದರ ಮೀಟರಿಗೆ ಸುಮಾರು 65 ಕೆಜಿ. ಸೂರಿನ ಅಂಚಿನಲ್ಲಿ ಎಳೆತ ಇನ್ನೂ ಜಾಸ್ತಿ. ಹಳೇ ಗೋಡೆ ಮೇಲೆ ಸುಮ್ನೆ ಕೂರಿಸಿದ ಜಂತೆಗೆ ತಗಡು ಬಿಗಿದರೆ ಆಷಾಢದ ಗಾಳಿಗೆ ಜಂತೆ ಸಮೇತ ಏಳುತ್ತದೆ. ಗೋಡೆ ಎತ್ತರಿಸುವ ಕೆಲಸ ಹೇಗೂ ಇತ್ತು, ಅದರ ತಲೆಗೆ ಆರ್‌ಸಿಸಿ ಬೆಲ್ಟ್ ಹಾಕಿ, ಬೋಲ್ಟುಗಳನ್ನು ಕಾಂಕ್ರೀಟಿನೊಳಗೇ ಕೂರಿಸಿ, ಛಾವಣಿ ಹೊರುವ ಕಬ್ಬಿಣದ ಚೌಕಟ್ಟನ್ನು (ಟ್ರಸ್) ಅದಕ್ಕೆ ಬಿಗಿದೆವು.

ತರಗತಿ ಕೆಳಗೆ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಯ ಸೀಲಿಂಗ್, ಮಳೆ ಸದ್ದಿಗೆ, ಕಾವಿಗೆ. ಕಲ್ನಾರು ಇಲ್ಲ ಅಂತ ಕಂಪನಿ ಬರೆದು ಕೊಟ್ಟ ಕಾಗದವನ್ನು ಫೈಲಿಗೆ ಸೇರಿಸಿದ್ದೇವೆ. ಅಡುಗೆ ಮನೆಗೆ ಫೋಮ್ ತುಂಬಿದ ಪಫ್ ಶೀಟ್ ಹಾಕಿಸಿ, ತಂಪು ಇರುತ್ತೆ ಅಂತ ಅಂಗಡಿಯವರು ಬಹಳ ಹೇಳಿದರು. ಒಲೆ ಮೇಲೆ ಉರಿಯುವ ವಸ್ತು ಬೇಡ ಅಂದೆ. ಅಲ್ಲಿ ಬರೀ ತಗಡು, ಹೊಗೆ ಹೋಗಲು ಮೇಲೆ ತೆರಪು. ಅಗ್ನಿಶಾಮಕದವರು ಬಂದು ಮೊದಲು ನೋಡಿದ್ದೂ ಅದನ್ನೇ.

ಉಳಿದದ್ದು

ಶಾಲೆಯಲ್ಲಿ ಆಸ್ಬೆಸ್ಟಾಸ್ ಇನ್ನೂ ಇದೆ. ಸೈಕಲ್ ಸ್ಟ್ಯಾಂಡಿನ ಶೀಟು, ಹಳೇ ಟ್ಯಾಂಕಿನಿಂದ ಬರುವ ಒಂದು ಸಿಮೆಂಟ್ ಪೈಪು. ದುಡ್ಡು ಅಲ್ಲಿವರೆಗೆ ಬರಲಿಲ್ಲ. ಅವು ಗಟ್ಟಿಯಾಗಿವೆ, ಹಾಗೇ ಬಿಟ್ಟಿದ್ದೇವೆ. ಅಹೇರಾದಿಂದ ಇನ್ನೊಂದು ಪದ್ಧತಿಯನ್ನೂ ತಂದುಕೊಂಡೆವು. ಎಲ್ಲೆಲ್ಲಿ ಆಸ್ಬೆಸ್ಟಾಸ್ ಇದೆ ಅಂತ ಒಂದು ರಿಜಿಸ್ಟರ್, ಪ್ರತಿ ಆರು ತಿಂಗಳಿಗೆ ಒಮ್ಮೆ ನೋಡಿ ಸಹಿ. ನಮ್ಮಲ್ಲಿ ಇದನ್ನು ಯಾರೂ ಕಡ್ಡಾಯ ಮಾಡಿಲ್ಲ. ಫೋಟೊ ಅಂಟಿಸಿದ ಆ ಪುಸ್ತಕ ಹೆಡ್‌ಮಾಸ್ಟರ್ ಬೀರುವಿನಲ್ಲಿದೆ, ಮ್ಯಾನಿಫೆಸ್ಟಿನ ಪ್ರತಿ, ಗಾಳಿ ಪರೀಕ್ಷೆಯ ವರದಿ, ಪಂಚಾಯಿತಿ ಅನುಮತಿ ಇವುಗಳ ಜೊತೆ. ಸೈಕಲ್ ಸ್ಟ್ಯಾಂಡಿನ ಶೀಟಿಗೆ ಮೊಳೆ ಹೊಡೆದು ಬ್ಯಾನರ್ ಕಟ್ಟಬಾರದು ಅಂತ ಪಿಟಿ ಮೇಷ್ಟ್ರಿಗೆ ಹೇಳಿದ್ದೇವೆ. ಆಗಸ್ಟ್ 15ಕ್ಕೆ ಅವರು ಬ್ಯಾನರನ್ನು ಕಂಬಕ್ಕೆ ಕಟ್ಟಿಸಿದ್ದರು.